ಹತ್ತು ಸೆಕೆಂಡು ಸುಮ್ಮನಿದ್ದರೆ ‘ಇಲ್ಲ’ ಎಂದು ಬರೆದುಕೊಳ್ಳುವ ಇಲಾಖೆಗೆ

ಮಾನ್ಯ ಆರೋಗ್ಯ ಆಯುಕ್ತರೇ,

ಕುಶಲೋಪರಿ ಆಮೇಲೆ. ಮೊದಲು ನೀವು ಏನೇನು ಕೊಡುತ್ತೇವೆ ಎಂದಿರಿ, ಏನೇನು ಕೊಡಲಿಲ್ಲ ಎಂಬುದನ್ನು ಹೇಳಿ ಮುಗಿಸುತ್ತೇನೆ.

ಹೋದ ವರ್ಷ ನಾವು ಬಸ್ ನೌಕರರು ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಮೂರು ದಿನ ಕೂತಾಗ ನೀವೇ ಕೆಳಗಿಳಿದು ಬಂದು ಮೈಕ್ ಹಿಡಿದಿರಿ. ಜನರ ಮನಸ್ಸಿನ ಆರೋಗ್ಯಕ್ಕೆ ನೀತಿ ರೂಪಿಸುವ ಸಮಿತಿಯಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಇರುತ್ತಾರೆ ಎಂದಿರಿ. ಸಮಿತಿಯಾಯಿತು, ಹನ್ನೊಂದು ಕುರ್ಚಿ ಹಾಕಿದಿರಿ, ಅವರಿಗೆ ಒಂದೂ ಇಲ್ಲ. ಪ್ರತಿ ದೊಡ್ಡಾಸ್ಪತ್ರೆಗೆ ಅಂಥವರನ್ನು ಇಬ್ಬರಂತೆ ನೇಮಿಸುತ್ತೇವೆ ಎಂದಿರಿ. ನಮ್ಮ ಆಸ್ಪತ್ರೆಯಲ್ಲಿ ಆಗಲೂ ಒಬ್ಬರು, ಈಗಲೂ ಒಬ್ಬರು, ಬರುವ ಸಭೆ ಮುಗಿದ ಮೇಲೆ ಅವರೂ ಇರುವುದಿಲ್ಲ. ಮನೆಮನೆ ಸಮೀಕ್ಷೆಗೆ ಮುಂಚೆ ಪ್ರಶ್ನೆಗಳನ್ನು ಬಲ್ಲವರಿಗೆ ತೋರಿಸುತ್ತೇವೆ ಎಂದಿರಿ. ತೋರಿಸಲಿಲ್ಲ. ಅಪಘಾತ ಕಂಡ ಚಾಲಕನನ್ನು ವಾರದೊಳಗೆ ಕೂರಿಸಿಕೊಂಡು ಮಾತಾಡಿಸುತ್ತೇವೆ ಎಂದಿರಿ. ಯಾರೂ ಬರಲಿಲ್ಲ. ಕೊಟ್ಟದ್ದು ಏನೂ ಇಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು: ಪಾರ್ಕುಗಳಲ್ಲಿ ಇನ್ನೂರು ಹಳದಿ ಬೆಂಚು ಹಾಕಿಸಿದ್ದೀರಿ, ಒಂದೊಂದರ ಬೆನ್ನಿಗೂ ‘ನೆಮ್ಮದಿ ಬೆಂಚು’ ಎಂದು ಬರೆಸಿದ್ದೀರಿ. ಕೂತು ನೋಡಿದ್ದೇನೆ. ಬಣ್ಣ ಇನ್ನೂ ಪ್ಯಾಂಟಿಗೆ ಹತ್ತುತ್ತದೆ.

ನಾನು ಬಸ್ ಡಿಪೋದಲ್ಲಿ ಬ್ರೇಕ್ ಫಿಟ್ಟರ್. ಇಪ್ಪತ್ತಾರು ವರ್ಷದಿಂದ ಗುಂಡಿಯೊಳಗೆ ನಿಂತು ತಲೆಯ ಮೇಲಿನ ಬಸ್ಸಿನ ಹೊಟ್ಟೆ ನೋಡುವ ಕೆಲಸ. ಸಂಘದಲ್ಲೂ ಇದ್ದೇನೆ, ಘೋಷಣೆ ಕೂಗಿ ಕೂಗಿ ಗಂಟಲು ಒಡೆದ ತಮಟೆಯಂತಾಗಿದೆ. ಆದರೆ ಈ ಪತ್ರ ಸಂಘದ್ದಲ್ಲ, ಒಬ್ಬ ಅಣ್ಣನದು. ಬರೆಯುವ ಮೊದಲು ತಮ್ಮನನ್ನು ಕೇಳಿದೆ. “ಬರಿ. ಆದ್ರೆ ಹೆಸರು ಬೇಡ, ಬಸ್ ನಂಬರೂ ಬೇಡ,” ಅಂದ. ಹಾಗಾಗಿ ಡಿಪೋದವರು ಕರೆಯುವ ಹಾಗೆ ‘ಗಡಿಯಾರ’ ಎಂದೇ ಕರೆಯುತ್ತೇನೆ. ಹದಿನಾಲ್ಕು ವರ್ಷ ಅವನ ಬೆಳಗಿನ ಬಸ್ಸು ಬಂದದ್ದು ನೋಡಿ ಅಂಗಡಿಯವರು ಶಟರ್ ಎತ್ತುತ್ತಿದ್ದರು.

ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ, ನಿಂತಿದ್ದ ಲಾರಿಯ ಮರೆಯಿಂದ ಒಬ್ಬ ಹೆಂಗಸು ನೇರ ಅವನ ಬಸ್ಸಿನ ಮುಂದಕ್ಕೆ ಕಾಲಿಟ್ಟರು. ಬ್ರೇಕು ಹಿಡಿಯಿತು. ಆ ಬ್ರೇಕು ಮುಂಚಿನ ದಿನ ನಾನೇ ಕಟ್ಟಿದ್ದು, ಹಿಡಿಯದೇ ಏನು? ಆದರೆ ಹಿಡಿಯಲು ಜಾಗವೇ ಇರಲಿಲ್ಲ. ಅವರು ಉಳಿಯಲಿಲ್ಲ. ವಿಚಾರಣೆ ಒಂಬತ್ತು ದಿನದಲ್ಲಿ ಮುಗಿಯಿತು, ‘ಚಾಲಕನ ತಪ್ಪಿಲ್ಲ’ ಎಂದು ಮೊಹರು ಒತ್ತಿ ಕಾಗದ ಕೊಟ್ಟರು. ನಾವು ಡಿಪೋದವರು ಅವನ ಬೆನ್ನು ತಟ್ಟಿದೆವು. ಗೆದ್ದು ಬಂದವನ ಬೆನ್ನು ತಟ್ಟುವಂತೆ ತಟ್ಟಿದೆವು.

ಹತ್ತನೇ ದಿನ ಅವನು ಮತ್ತೆ ಬಸ್ ಹತ್ತಿದ. ಮೊದಲ ನಿಲ್ದಾಣದಲ್ಲಿ ಎಂಜಿನ್ ನಿಲ್ಲಿಸಿ ಕೆಳಗಿಳಿದು, ಮಂಡಿಯೂರಿ, ಮುಂದಿನ ಚಕ್ರಗಳ ಕೆಳಗೆ ನೋಡಿ ಬಂದ. ಎರಡನೇ ನಿಲ್ದಾಣದಲ್ಲೂ ಹಾಗೇ, ಮೂರನೆಯದರಲ್ಲೂ. ಪ್ರಯಾಣಿಕರು ಮೊದಲು ನಕ್ಕರು. “ಏನಣ್ಣಾ, ಚಿಲ್ಲರೆ ಬಿತ್ತಾ?” ಆಮೇಲೆ ಬೈದರು. ಗಡಿಯಾರ ನಲವತ್ತು ನಿಮಿಷ ಹಿಂದೆ ಬಿತ್ತು. ಡಿಪೋ ಮ್ಯಾನೇಜರು ವಿಳಂಬಕ್ಕೆ ಮೆಮೊ ಕೊಟ್ಟರು. ಎರಡನೇ ಮೆಮೊ ಬಂದ ಮೇಲೆ ಅವನು ಕೆಲಸಕ್ಕೇ ಹೋಗಲಿಲ್ಲ. ಮನೆಯ ಹಿಂಬದಿಯ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತ.

ಆಗ ನಿಮ್ಮ ಇಲಾಖೆ ನಮ್ಮ ಬಾಗಿಲಿಗೆ ಬಂತು. ‘ಮನೆಬಾಗಿಲಿಗೆ ನೆಮ್ಮದಿ’ ಅಭಿಯಾನ! ನೆಮ್ಮದಿ ಬಾಗಿಲ ತನಕ ಮಾತ್ರ ಬರುತ್ತದೆ, ಒಳಗೆ ಬರುವುದಿಲ್ಲ ಎಂಬುದನ್ನು ಹೆಸರಿನಲ್ಲೇ ಪ್ರಾಮಾಣಿಕವಾಗಿ ಹೇಳಿದ್ದೀರಿ, ಅದಕ್ಕೆ ಅಭಿನಂದನೆ. ಬಂದವಳು ನಮ್ಮ ವಾರ್ಡಿನ ಆರೋಗ್ಯ ಕಾರ್ಯಕರ್ತೆ. ಕೈಯಲ್ಲಿ ಸದಾ ಟ್ಯಾಬ್ ಹಿಡಿದಿರುತ್ತಾಳೆಂದು ಬೀದಿಯವರೆಲ್ಲ ಅವಳನ್ನು ಟ್ಯಾಬಕ್ಕ ಎನ್ನುತ್ತಾರೆ. ಆ ದಿನ ಭಾನುವಾರ, ನಾನೂ ಅಲ್ಲೇ ಇದ್ದೆ.

“ಅಣ್ಣಾ, ಏಳೇ ಪ್ರಶ್ನೆ. ಇನ್ನೂ ನಲವತ್ತು ಮನೆ ಇದೆ ನಂಗೆ,” ಅಂದಳು.

“ಕೇಳಮ್ಮಾ, ಬೇಗ ಕೇಳು. ನಂಗೂ ಸಂಘದ ಸಭೆಗೆ ಹೊತ್ತಾಯ್ತು,” ಅಂದೆ ನಾನು.

ತಮ್ಮ ಬಂದು ಹೊಸ್ತಿಲಲ್ಲಿ ನಿಂತ. ಅವನ ಹಿಂದೆ ಹೆಂಡತಿ, ಅವಳ ಸೆರಗು ಹಿಡಿದು ಒಂಬತ್ತು ವರ್ಷದ ಮಗಳು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿ ಕಿವಿ ಇತ್ತ ಮಾಡಿದರು.

“ನಿದ್ದೆ ಬರುತ್ತಾ?”

“ಬರುತ್ತೆ.”

“ಊಟ ಸೇರುತ್ತಾ?”

“ಸೇರುತ್ತೆ.”

“ಕೆಲಸದಲ್ಲಿ ಆಸಕ್ತಿ ಇದೆಯಾ?”

“ಹೂಂ.”

“ಇತ್ತೀಚೆಗೆ ಬದುಕು ಸಾಕು ಅನ್ನಿಸಿದೆಯಾ?”

ಇದು ನಿಮ್ಮ ನಾಲ್ಕನೇ ಪ್ರಶ್ನೆ, ಆಯುಕ್ತರೇ. ಅದನ್ನು ಕೇಳಿದ ಜಾಗ ನೋಡಿ: ಬೀದಿಬಾಗಿಲು. ಸಾಕ್ಷಿಗಳನ್ನು ನೋಡಿ: ಹೆಂಡತಿ, ಮಗಳು, ಅಣ್ಣ, ಎದುರು ಮನೆ. ತಮ್ಮ ಮಗಳ ಕಡೆ ನೋಡಿದ. ತುಟಿ ಅಲ್ಲಾಡಿತು. ಏನೋ ಹೇಳಲು ಬಾಯಿ ತೆರೆದಿದ್ದ ಎಂದು ನಾನು ಇವತ್ತಿಗೂ ಪ್ರಮಾಣ ಮಾಡುತ್ತೇನೆ. ಅಷ್ಟರಲ್ಲಿ ಟ್ಯಾಬು ‘ಟಿಂಗ್’ ಎಂದಿತು, ಐದನೇ ಪ್ರಶ್ನೆ ಬಂತು. ಆ ಟಿಂಗ್ ಕೇಳಿ ಅವನು ಬಾಯಿ ಮುಚ್ಚಿದ. ನಾನೋ, ಇಪ್ಪತ್ತು ವರ್ಷ ಕಾರ್ಮಿಕರ ಪರವಾಗಿ ಮಾತಾಡಿದ ಮಹಾನುಭಾವ, ಅವನ ಪರವಾಗಿಯೂ ಮಾತಾಡಿದೆ: “ಏ, ಏನಿಲ್ಲ ಬಿಡಮ್ಮಾ ಅವ್ನಿಗೆ. ಸ್ವಲ್ಪ ಸುಸ್ತು ಅಷ್ಟೇ.”

ಹತ್ತೊಂಬತ್ತು ದಿನಗಳ ನಂತರ ಅವನ ಹೆಂಡತಿ ಡಿಪೋಗೆ ಫೋನ್ ಮಾಡಿದಳು. “ಭಾವಾ, ಬೇಗ ಬನ್ನಿ,” ಅಂದಳು. ಏನು ಮಾಡಿಕೊಂಡ, ಹೇಗೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ನಿಮ್ಮ ಕಡತದ ಹೊಟ್ಟೆ ತುಂಬಿಸುವ ವಿವರವಲ್ಲ. ಸಮಯಕ್ಕೆ ಆಸ್ಪತ್ರೆ ಸಿಕ್ಕಿತು, ಉಳಿದುಕೊಂಡ. ಅದೇ ವಾರ ಪತ್ರಿಕಾಗೋಷ್ಠಿಯಲ್ಲಿ ನೀವು ಹೇಳಿದಿರಿ: ಸಮೀಕ್ಷೆಗೊಳಪಟ್ಟವರಲ್ಲಿ ಶೇಕಡಾ ತೊಂಬತ್ತಾರು ಮಂದಿ ನೆಮ್ಮದಿಯಿಂದಿದ್ದಾರೆ. ಆ ತೊಂಬತ್ತಾರರಲ್ಲಿ ಒಬ್ಬ ಆಗ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ.

ಆಸ್ಪತ್ರೆಯಲ್ಲಿ ಅವನನ್ನು ನೋಡಲು ಬಂದವರು ನೀವು ಕುರ್ಚಿ ಕೊಡದ ಆ ಒಬ್ಬರು. ವಾರ್ಡಿನವರು ಅವರನ್ನು ‘ಮಾತಿನ ಡಾಕ್ಟ್ರು’ ಎನ್ನುತ್ತಾರೆ. “ನಾನು ಡಾಕ್ಟರ್ ಅಲ್ಲಪ್ಪಾ, ಮಾತ್ರೆ ಬರೆಯಲ್ಲ, ಸೈಕಾಲಜಿಸ್ಟು,” ಎಂದು ಅವರು ತಿದ್ದುತ್ತಲೇ ಇರುತ್ತಾರೆ, ಯಾರೂ ತಿದ್ದಿಕೊಳ್ಳುವುದಿಲ್ಲ. ಅವರ ಕೋಣೆ ನೋಡಿದ್ದೀರಾ? ಎಕ್ಸ್‌ರೇ ಕೋಣೆಗೂ ಜನರೇಟರಿಗೂ ನಡುವೆ. ಒಳಗೆ ಮುರಿದ ಗಾಲಿಕುರ್ಚಿಗಳು ಆರು. ಬಾಗಿಲಿಗೆ ಚಿಲಕವಿಲ್ಲ, ಯಾರಾದರೂ ಅಳುವಾಗ ಇನ್ಯಾರೂ ನುಗ್ಗದಿರಲೆಂದು ಅವರು ಬಾಗಿಲಿಗೆ ತಮ್ಮ ಸ್ಟೂಲನ್ನೇ ಅಡ್ಡ ಇಟ್ಟು, ತಾವು ಗಾಲಿಕುರ್ಚಿಯಲ್ಲಿ ಕೂರುತ್ತಾರೆ. ನಾಡಿನ ಮನಸ್ಸಿಗೆ ನೀವು ಕೊಟ್ಟ ಜಾಗ ಅದು.

ಅವರು ನನ್ನನ್ನು ಕೇಳಿದ್ದು ಒಂದೇ: “ಡಿಪೋದಲ್ಲಿ ಒಂದು ಖಾಲಿ ಬಸ್ಸು ಸಿಗುತ್ತಾ? ಎಂಜಿನ್ ಆಫ್ ಆಗಿರ್ಬೇಕು.” ಸಿಕ್ಕಿತು. ಪ್ರತಿ ಶನಿವಾರ, ಆಸ್ಪತ್ರೆಯ ಅರ್ಧ ದಿನದ ರಜೆಯಲ್ಲಿ ಅವರು ಬರುತ್ತಿದ್ದರು. ತಮ್ಮ ಡ್ರೈವರ್ ಸೀಟಿನಲ್ಲಿ, ಅವರು ಕಂಡಕ್ಟರ್ ಸೀಟಿನಲ್ಲಿ. ಮೊದಲ ಶನಿವಾರ ಒಂದು ಗಂಟೆ, ಇಬ್ಬರೂ ಒಂದು ಮಾತೂ ಆಡಲಿಲ್ಲ. ಎರಡನೇ ಶನಿವಾರವೂ ಅಷ್ಟೇ. ಪಕ್ಕದ ಗುಂಡಿಯಲ್ಲಿ ಬ್ರೇಕ್ ಡ್ರಮ್ ಬಿಚ್ಚುತ್ತಿದ್ದ ನನಗೆ ತಡೆಯಲಾಗಲಿಲ್ಲ. ಅವರು ಹೊರಟಾಗ ಕೇಳಿಯೇಬಿಟ್ಟೆ: “ಅಲ್ಲಮ್ಮಾ, ಸುಮ್ನೆ ಕೂತು ಎದ್ದು ಹೋಗೋಕೆ ಅಷ್ಟು ವರ್ಷ ಓದ್ಬೇಕಾ?”

“ಅದಕ್ಕೇ ಓದ್ಬೇಕು,” ಅಂದರು ನಗುತ್ತಾ. “ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ. ಐದು ನಿಮಿಷಕ್ಕೊಂದು ಸಲ ಗುಂಡಿಯಿಂದ ತಲೆ ಎತ್ತಿ ಇಣುಕ್ತಾ ಇದ್ರಿ.”

ನಾಲ್ಕನೇ ಶನಿವಾರ ತಮ್ಮ ಬಾಯಿಬಿಟ್ಟ. ಏನು ಹೇಳಿದ ಎಂದು ಅವರು ಇವತ್ತಿಗೂ ನನಗೆ ಹೇಳಿಲ್ಲ. ಹೇಳಿದ್ದು ತಮ್ಮನೇ, ತಿಂಗಳಾದ ಮೇಲೆ, ಬರೆಯಲು ಒಪ್ಪಿಗೆ ಕೊಟ್ಟದ್ದೂ ಅವನೇ: “ಆಯಮ್ಮನ ಕೈಲಿ ಹಾಲಿನ ಪ್ಯಾಕೆಟ್ ಇತ್ತು ಕಣೋ. ಅದು ಒಡೀಲಿಲ್ಲ. ನಾನು ಕೆಳಗಿಳಿದು ನೋಡಿದಾಗ ಪ್ಯಾಕೆಟ್ಟು ಹಂಗೇ ಇತ್ತು.” ‘ತಪ್ಪಿಲ್ಲ’ ಎಂಬ ಮೊಹರಿನ ಕಾಗದ ಆ ಪ್ಯಾಕೆಟ್ಟಿಗೆ ಏನು ಉತ್ತರ ಹೇಳೀತು?

ಟ್ಯಾಬಕ್ಕ ಸುದ್ದಿ ಕೇಳಿ ನಮ್ಮ ಮನೆಗೆ ಬಂದಳು. ಒಳಗೆ ಬರಲೊಲ್ಲಳು, ಅದೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. “ನಾನು ಒತ್ತಿದ್ದಲ್ಲ ಅಣ್ಣಾ, ಅದೇ ತಗೊಂಡ್ತು.” ನನಗೆ ಅರ್ಥವಾಗಲಿಲ್ಲ. ಟ್ಯಾಬ್ ತೆಗೆದು ತೋರಿಸಿದಳು. ಪ್ರಶ್ನೆಯ ಪಕ್ಕದಲ್ಲಿ ಒಂದು ಪುಟ್ಟ ಹಸಿರು ಬಳೆ, ಸುತ್ತಲೂ ಕರಗುತ್ತಾ ಬರುತ್ತದೆ. ಹತ್ತು ಸೆಕೆಂಡು. ಬಳೆ ಕರಗಿ ಮುಗಿಯುವುದರೊಳಗೆ ಏನೂ ಒತ್ತದಿದ್ದರೆ ‘ಇಲ್ಲ’ ತಾನಾಗಿಯೇ ಬೀಳುತ್ತದೆ, ‘ಟಿಂಗ್’ ಎನ್ನುತ್ತದೆ, ಮುಂದಿನ ಪ್ರಶ್ನೆ. ಹಿಂದಕ್ಕೆ ಹೋಗಲು ದಾರಿಯಿಲ್ಲ.

“ಯಾವ ಪುಣ್ಯಾತ್ಮ ಮಾಡಿದ ಇದನ್ನ?”

“ಇದು ಸೊಳ್ಳೆ ಸರ್ವೆ ಫಾರಂ ಅಣ್ಣಾ,” ಅಂದಳು ಕಣ್ಣೊರೆಸಿಕೊಂಡು. “ಹೋದ ವರ್ಷ ‘ಮನೇಲಿ ನಿಂತ ನೀರು ಇದೆಯಾ, ತೊಟ್ಟಿ ಇದೆಯಾ’ ಅಂತ ಕೇಳ್ತಿದ್ವಲ್ಲ, ಅದೇ. ಮನೆ ಬೀಗ ಹಾಕಿದ್ರೆ ಹತ್ತು ಸೆಕೆಂಡಿಗೆ ‘ಇಲ್ಲ’ ಅಂತ ತಗೊಂಡು ಮುಂದಿನ ಮನೆಗೆ ಹೋಗೋದು. ಪ್ರಶ್ನೆ ಮಾತ್ರ ಬದಲಾಯಿಸಿದ್ದಾರೆ.”

ಆಯುಕ್ತರೇ, ನಾನು ಮೂರು ಸಲ ಹೇಳಿಸಿಕೊಂಡೆ. ಸೊಳ್ಳೆಯ ಮರಿ ಎಣಿಸಲು ಮಾಡಿದ ನಮೂನೆಯಲ್ಲಿ ನೀರಿನ ತೊಟ್ಟಿಯನ್ನು ತೆಗೆದು ಅಲ್ಲಿಗೆ ನನ್ನ ತಮ್ಮನನ್ನು ಕೂರಿಸಿದ್ದೀರಿ. ಮೌನ ಸಮ್ಮತಿಯ ಲಕ್ಷಣ ಎಂದು ಹಿರಿಯರು ಹೇಳುತ್ತಿದ್ದರು. ನಿಮ್ಮ ಸಮಿತಿ ಅದನ್ನೂ ತಿದ್ದಿತು: ಮೌನ ನೆಮ್ಮದಿಯ ಲಕ್ಷಣ! ಬೀಗ ಹಾಕಿದ ಮನೆಯಲ್ಲೇ ನಿಂತ ನೀರು ಹೆಚ್ಚು ಎಂಬುದು ಸೊಳ್ಳೆಗೆ ಹೊಗೆ ಹಾಕುವವನಿಗೂ ಗೊತ್ತು. ಹನ್ನೊಂದು ಜನ ಪಂಡಿತರಿಗೆ ಗೊತ್ತಾಗಲಿಲ್ಲ.

ಯಾರಾದರೂ ಹೇಳಬೇಕಿತ್ತು ಎನ್ನುತ್ತೀರಾ? ಹೇಳಿದ್ದರು. ಸೈಕಾಲಜಿಸ್ಟರು ನಿಮ್ಮ ಸಮಿತಿಗೆ ಬರೆದ ನಾಲ್ಕು ಪುಟದ ಪತ್ರವನ್ನು ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಿಮ್ಮ ಕಚೇರಿಯಿಂದಲೇ ತೆಗೆಸಿಕೊಂಡಿದ್ದೇನೆ. ಅವರು ಕೊಟ್ಟದ್ದಲ್ಲ, ಹಾಗಾಗಿ ಅವರಿಗೆ ನೋಟಿಸು ಟೈಪು ಮಾಡಿಸುವ ಶ್ರಮ ತೆಗೆದುಕೊಳ್ಳಬೇಡಿ. ಯಾರ ಹೆಸರೂ ಇಲ್ಲದ ಆ ಪತ್ರದಲ್ಲಿ ಇರುವುದು ಇಷ್ಟು. ಸಮೀಕ್ಷೆಯ ನಂತರ ಜೀವಕ್ಕೆ ಕುತ್ತು ತಂದುಕೊಂಡು ಆಸ್ಪತ್ರೆ ಸೇರಿದವರು ಇಪ್ಪತ್ತಾರು ಜನ. ಅವರಲ್ಲಿ ಹತ್ತೊಂಬತ್ತು ಜನ ನಾಲ್ಕನೇ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ನಿಮ್ಮ ದಾಖಲೆಯಲ್ಲಿ ಹತ್ತೊಂಬತ್ತೂ ಜನ ‘ಇಲ್ಲ’. ಆ ಹಸಿರು ಬಳೆಯನ್ನು ತೆಗೆಯಿರಿ, ‘ಉತ್ತರಿಸಲಿಲ್ಲ’ ಎಂಬ ಮೂರನೇ ಖಾನೆ ಮಾಡಿ, ಅದರಲ್ಲಿ ಬಿದ್ದ ಮನೆಗಳಿಗೆ ಎರಡು ದಿನದಲ್ಲಿ ಮತ್ತೆ ಹೋಗಿ, ಹೊಸ್ತಿಲಲ್ಲಿ ಬೇಡ, ಒಳಗೆ ಕೂತು, ಒಬ್ಬರೇ ಇರುವಾಗ ಕೇಳಿ ಎಂದು ಕೇಳಿಕೊಂಡಿದ್ದರು. ಮಾತ್ರೆಯಿಲ್ಲ, ಯಂತ್ರವಿಲ್ಲ, ಕಟ್ಟಡವಿಲ್ಲ. ನಿಮ್ಮ ಉತ್ತರ ಒಂದೂವರೆ ಸಾಲು: ‘ಸಮಿತಿಯ ಸದಸ್ಯರಲ್ಲದವರ ಸಲಹೆಗಳನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’ ಸದಸ್ಯರನ್ನಾಗಿ ಮಾಡಿ ಎಂದು ಸಂಘ ಕೇಳಿದ್ದಕ್ಕೆ ನಿಮ್ಮ ಇನ್ನೊಂದು ಉತ್ತರ: ‘ಸದರಿ ಹುದ್ದೆಯು ಚಿಕಿತ್ಸೆಗೆ ಸಂಬಂಧಿಸಿದ್ದು, ನೀತಿ ನಿರೂಪಣೆಗೆ ಸಂಬಂಧಿಸಿರುವುದಿಲ್ಲ.’ ಎರಡೂ ಉತ್ತರಗಳನ್ನು ಡಿಪೋದ ಗೋಡೆಗೆ ಅಂಟಿಸಿದ್ದೇವೆ. ಓದಿದ ಒಬ್ಬ ಕಂಡಕ್ಟರ್ ಹೇಳಿದ: “ಟಿಕೆಟ್ ಇಲ್ದೆ ಬಸ್ ಹತ್ತಬಾರ್ದು, ಬಸ್ ಹತ್ತದೆ ಟಿಕೆಟ್ ಕೊಡಲ್ಲ. ನಮ್ಮಪ್ಪನಾಣೆ, ಈ ಐಡಿಯಾ ನಮಗೆ ಹೊಳೀಲಿಲ್ಲ!”

ಈಗ ಬರುವ ಸಭೆಯ ಕಾರ್ಯಸೂಚಿ ಬಂದಿದೆ. ಐದನೇ ಅಂಶ: ಈ ಸಮೀಕ್ಷೆಯನ್ನು ಎಲ್ಲ ವಾರ್ಡುಗಳಿಗೂ ಶಾಶ್ವತವಾಗಿ ವಿಸ್ತರಿಸುವುದು. ಆರನೇ ಅಂಶ: ಶೇಕಡಾ ತೊಂಬತ್ತಾರು ಮಂದಿ ನೆಮ್ಮದಿಯಿಂದಿರುವ ಹಿನ್ನೆಲೆಯಲ್ಲಿ ಆಸ್ಪತ್ರೆಯ ಸೈಕಾಲಜಿಸ್ಟ್ ಹುದ್ದೆಯನ್ನು ಮುಂದುವರಿಸುವ ಅಗತ್ಯ ಕಂಡುಬರದಿರುವುದು. ಬಾಯಿ ಬಿಡದವರ ಬಾಯಿಗೆ ‘ಇಲ್ಲ’ ತುರುಕಿ, ಅದೇ ‘ಇಲ್ಲ’ ತೋರಿಸಿ, ಬಾಯಿ ಬಿಡಿಸಬಲ್ಲ ಒಬ್ಬರನ್ನೂ ಮನೆಗೆ ಕಳಿಸುವುದು. ಹಾವು ತನ್ನ ಬಾಲ ನುಂಗುವುದನ್ನು ಕೇಳಿದ್ದೆ. ಇಲ್ಲಿ ನುಂಗಲಿರುವುದು ನನ್ನ ತಮ್ಮನ ಶನಿವಾರಗಳನ್ನು.

ಹೋದ ವಾರ ನಿಮ್ಮನ್ನು ಕಾಣಲು ಬಂದಿದ್ದೆವು. ಹೊರಗೆ ಮೂರು ಗಂಟೆ ಕಾದೆವು. ನಿಮ್ಮ ಗುಮಾಸ್ತರು ಕೇಳಿದರು: “ಸೈಕಾಲಜಿಸ್ಟ್ ಅಂದ್ರೆ ಹುಚ್ಚಿನ ಡಾಕ್ಟ್ರಲ್ವಾ? ಅವ್ರಿಗೆ ಪಾಲಿಸಿ ಯಾಕ್ರೀ?” ನೀವು ನಮಗೆ ಆರು ನಿಮಿಷ ಕೊಟ್ಟಿರಿ, ಅದರಲ್ಲಿ ಎರಡು ನಿಮಿಷ ಫೋನಿಗೆ ಹೋಯಿತು. ಕೊನೆಗೆ ಹೇಳಿದಿರಿ: “ನೋಡಿ, ಅವರು ಒಬ್ಬೊಬ್ಬರನ್ನ ನೋಡೋರು. ನಾವು ಲಕ್ಷಾಂತರ ಜನರನ್ನ ನೋಡ್ಬೇಕು. ಒಬ್ಬೊಬ್ಬರ ಗೋಳು ಇಟ್ಕೊಂಡು ನೀತಿ ಮಾಡೋಕಾಗಲ್ಲ.”

ಆಗ ನಾನು ಎದ್ದು ನಿಂತು ಕೇಳಿದ್ದು ನಿಮಗೆ ನೆನಪಿರಬಹುದು. “ಸ್ವಾಮಿ, ಇತ್ತೀಚೆಗೆ ನಿಮಗೆ ಬದುಕು ಸಾಕು ಅನ್ನಿಸಿದೆಯಾ?”

ಗುಮಾಸ್ತರು, ಇಬ್ಬರು ಅಧಿಕಾರಿಗಳು, ಟ್ರೇ ಹಿಡಿದಿದ್ದ ಜವಾನರು, ಎಲ್ಲರೂ ನಿಮ್ಮನ್ನೇ ನೋಡಿದರು. ನಿಮ್ಮ ಕಿವಿ ಕೆಂಪಾಯಿತು. ನೀವು ಗೋಡೆಯ ಮೇಲಿನ ಭಾವಚಿತ್ರ ನೋಡಿದಿರಿ, ಮೇಜಿನ ಮೇಲಿದ್ದ ನಿಮ್ಮ ಮಕ್ಕಳ ಫೋಟೋ ನೋಡಿದಿರಿ. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತಕ್ಕೆ ಹೇಳಿದೆ: “ಟಿಂಗ್. ‘ಇಲ್ಲ’ ಅಂತ ಬರ್ಕೊಂಡೆ ಸ್ವಾಮಿ. ನೀವು ನೆಮ್ಮದಿಯಾಗಿದ್ದೀರಿ.” ನೀವು ಕಾವಲಿನವರನ್ನು ಕರೆದಿರಿ. ಅವರು ನನ್ನ ರಟ್ಟೆ ಹಿಡಿದು ಹೊರಗೆ ಬಿಟ್ಟರು, ಅದಕ್ಕೆ ನನ್ನ ದೂರಿಲ್ಲ. ನಮ್ಮ ರಟ್ಟೆಗೆ ಅದು ಹಳೆಯ ಪರಿಚಯ. ಆದರೆ ಒಂದು ಮಾತು: ಆ ಹತ್ತು ಸೆಕೆಂಡಿನಲ್ಲಿ ನಿಮ್ಮ ಮುಖದ ಮೇಲೆ ಏನೋ ಹಾದುಹೋಯಿತು. ಅದು ಸಿಟ್ಟು ಮಾತ್ರ ಅಲ್ಲ ಎಂದು ನನಗೆ ಆಮೇಲೆ ಅನ್ನಿಸಿತು. ಹಾಗೆ ಎಲ್ಲರ ಮುಂದೆ ಕೇಳಿದ್ದು ಕ್ರೌರ್ಯ. ಸೈಕಾಲಜಿಸ್ಟರಿಗೆ ಈ ವಿಷಯ ಹೇಳಿದಾಗ ಅವರು ನನ್ನನ್ನು ಮೆಚ್ಚಲಿಲ್ಲ, ಗದರಿದರು: “ಅವರಿಗೂ ಹಾಗೆ ಕೇಳಬಾರ್ದಿತ್ತು. ನಿಜವಾಗ್ಲೂ ಅವರಿಗೆ ಹಾಗನ್ನಿಸಿದ್ರೆ?” ಕ್ಷಮೆ ಕೇಳುತ್ತೇನೆ. ನೀವೂ ಕೇಳಿ, ಲಕ್ಷಾಂತರ ಜನರ ಬಳಿ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಒಬ್ಬೊಬ್ಬರನ್ನು ನೋಡುವವರಿಗೆ ಲಕ್ಷದ ನೀತಿ ತಿಳಿಯದೇ? ನಾನೂ ಒಂದೊಂದೇ ಬಸ್ಸು ನೋಡುವವನು. ಕೆಲವು ವರ್ಷಗಳ ಹಿಂದೆ ಹೊಸ ಮಾದರಿಯ ಬಸ್ಸುಗಳು ಬಂದಾಗ, ಒಂದರ ಬ್ರೇಕ್ ಪೈಪು ಆಕ್ಸಲಿಗೆ ತಾಗಿ ಸವೆದಿತ್ತು. ಬದಲಾಯಿಸಿದೆ. ಮರುವಾರ ಇನ್ನೊಂದು, ಅದೇ ಜಾಗದಲ್ಲಿ. ಮೂರನೆಯದು ಬಂದಾಗ ರಿಪೇರಿ ನಿಲ್ಲಿಸಿ, ಪೈಪಿನ ದಾರಿಯೇ ತಪ್ಪಾಗಿದೆ ಎಂದು ಬರೆದು ಕಾರ್ಖಾನೆಗೆ ಕಳಿಸಿದೆವು. ನಕ್ಷೆ ಬರೆದವರು ಗುಂಡಿಗಿಳಿದು ನೋಡಿ, ನಕ್ಷೆ ಬದಲಾಯಿಸಿದರು. ನಾನು ಕಂಡದ್ದು ಮೂರು ಬಸ್ಸು, ಉಳಿದದ್ದು ಎಷ್ಟು ಬಸ್ಸು, ಅದರೊಳಗೆ ಎಷ್ಟು ಜನ? ‘ನೀನು ಫಿಟ್ಟರ್, ನಕ್ಷೆ ನಿನ್ನ ಕೆಲಸವಲ್ಲ’ ಎಂದು ಅವರೂ ಒಂದೂವರೆ ಸಾಲು ಬರೆದಿದ್ದರೆ? ಒಬ್ಬೊಬ್ಬರ ಎದುರು ಗಂಟೆಗಟ್ಟಲೆ ಕೂತವರಿಗೇ ಗೊತ್ತಾಗುವುದು, ಜನ ಯಾವ ಪ್ರಶ್ನೆಗೆ ಸುಳ್ಳು ಹೇಳುತ್ತಾರೆ, ಯಾವುದಕ್ಕೆ ಸುಮ್ಮನಾಗುತ್ತಾರೆ, ಆ ಸುಮ್ಮನಿರುವುದರ ಅರ್ಥವೇನು ಎಂದು. ಸೇತುವೆಯ ಸಮಿತಿಯಲ್ಲಿ ಎಂಜಿನಿಯರು ಬೇಕು, ಔಷಧ ಖರೀದಿಯ ಸಮಿತಿಯಲ್ಲಿ ವೈದ್ಯರು ಬೇಕು. ಮನಸ್ಸಿನ ಸಮಿತಿಯಲ್ಲಿ ಮಾತ್ರ ಅಂಕಿಅಂಶದವರು, ಪ್ರಚಾರದವರು, ಸಾಫ್ಟ್‌ವೇರಿನವರು, ಬೆಂಚಿಗೆ ಬಣ್ಣ ಬಳಿಯುವ ಗುತ್ತಿಗೆದಾರರು ಸಾಕೇ? ಮನಸ್ಸೇನು ಎಲ್ಲರ ಮನೆಯಲ್ಲೂ ಇರುವ ಪಾತ್ರೆಯೇ, ಯಾರು ಬೇಕಾದರೂ ಉಜ್ಜಲು?

ಸೈಕಾಲಜಿಸ್ಟರನ್ನು ದೇವರು ಮಾಡಿ ಕೂರಿಸಿ ಎಂದು ಕೇಳುತ್ತಿಲ್ಲ. ಅವರೇ ನನಗೆ ಹೇಳಿದರು: “ನನ್ನನ್ನೇ ಕೂರಿಸ್ಬೇಕು ಅಂತಿಲ್ಲ. ಈ ಕೆಲಸ ಮಾಡಿರೋ ಯಾರನ್ನಾದ್ರೂ ಕೂರಿಸ್ಲಿ. ಪಕ್ಕದಲ್ಲಿ ಆ ಟ್ಯಾಬಕ್ಕನ್ನೂ ಕೂರಿಸ್ಲಿ. ಬಾಗಿಲಲ್ಲಿ ನಿಂತು ಕೇಳೋ ಕಷ್ಟ ನನಗಿಂತ ಅವಳಿಗೇ ಗೊತ್ತು.”

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ನಾಳೆಯೇ ಆ ಹಸಿರು ಬಳೆ ನಿಲ್ಲಬೇಕು, ಅದಕ್ಕೆ ಸಭೆ ಬೇಕಿಲ್ಲ, ಒಂದು ಫೋನು ಸಾಕು. ಯಂತ್ರ ತಾನಾಗಿ ‘ಇಲ್ಲ’ ಎಂದು ಬರೆದುಕೊಂಡ ಪ್ರತಿ ಮನೆಗೂ ಮನುಷ್ಯರು ಮತ್ತೆ ಹೋಗಬೇಕು, ಹೊಸ್ತಿಲು ದಾಟಿ ಹೋಗಬೇಕು. ಆರನೇ ಅಂಶವನ್ನು ಹರಿದು ಹಾಕಬೇಕು. ಸಮಿತಿಯಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಒಬ್ಬ ಆರೋಗ್ಯ ಕಾರ್ಯಕರ್ತೆ ಇರಬೇಕು, ಗೋಡೆ ಬದಿಯ ವಿಶೇಷ ಆಹ್ವಾನಿತರಾಗಿ ಅಲ್ಲ, ಮೇಜಿನ ಸುತ್ತ, ಮತ ಹಾಕುವ ಹಕ್ಕಿನ ಸಮೇತ.

ನಿಮ್ಮ ಸಭೆಗೆ ನಾವು ಬರುತ್ತೇವೆ. ಈ ಸಲ ಘೋಷಣೆ ಇಲ್ಲ. ಮುಂದೆ ನಡೆಯುವವನು ನಾನಲ್ಲ, ಗಡಿಯಾರ. ನಾನೇ ಹೇಳುತ್ತೇನೆ, ನೀನು ನನ್ನ ಪರವಾಗಿ ಬಾಯಿ ಹಾಕಬೇಡ ಎಂದು ಮಾತು ತೆಗೆದುಕೊಂಡಿದ್ದಾನೆ, ಕೊಟ್ಟಿದ್ದೇನೆ. ಅವನು ಇನ್ನೂ ಬಸ್ಸು ಓಡಿಸುತ್ತಿಲ್ಲ. ಹೋದ ಶನಿವಾರ ಮೊದಲ ಸಲ ಎಂಜಿನ್ ಚಾಲೂ ಮಾಡಿ, ಎರಡು ನಿಮಿಷ ಇಟ್ಟು, ಆಫ್ ಮಾಡಿದ. ನಿಮ್ಮೆದುರು ಬಂದು ನಿಂತಾಗ ಅವನಿಗೆ ಮಾತು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬರದಿದ್ದರೆ, ಆಯುಕ್ತರೇ, ಗೋಡೆ ಗಡಿಯಾರ ನೋಡಬೇಡಿ, ಗಂಟೆ ಒತ್ತಬೇಡಿ, ಮುಂದಿನ ಅಂಶಕ್ಕೆ ಹೋಗಬೇಡಿ. ಹನ್ನೊಂದನೇ ಸೆಕೆಂಡಿಗೂ ಕಾಯಿರಿ.

ಇಂತಿ,
ಅಂದು ಬಾಗಿಲಲ್ಲಿ ನಿಂತು ‘ಬೇಗ ಕೇಳು’ ಎಂದವನು,
ಗಡಿಯಾರದ ಅಣ್ಣ, ಬ್ರೇಕ್ ಫಿಟ್ಟರ್

ಸಭೆ: ಬರುವ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.